ಗುಲ್ಜಾರಬೀಯ ಹಗ್ಗ

ಕುರುಗೋಡಿನ ಸಂತೆ ಬಯಲಿನ ಹಿಂದಿದ್ದ ಅಬ್ದುಲ್ ಸಮದನ ಹಿಟ್ಟಿನ ಗಿರಣಿ ಹಗಲು ಹೊತ್ತು ತಾನಾಗಿ ತಿರುಗಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಮೋಟಾರು ತ್ರೀ ಫೇಸಿನದು. ಹಗಲಿಗೆ ಬರುತ್ತಿದ್ದದ್ದು ಒಂದೇ ಫೇಸು. ಉಳಿದೆರಡು ತಂತಿಗಳಿದ್ದದ್ದು ಕಾಗೆ ಕೂರಲಿಕ್ಕೆ. ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಎನ್ನುತ್ತಿತ್ತು, ಮಿಸುಕುತ್ತಿರಲಿಲ್ಲ. ಹಾಗೇ ಬಿಟ್ಟರೆ ಒಳಗಿನ ತಂತಿ ಸುಟ್ಟ ವಾಸನೆ. ಅದನ್ನು ಮೊದಲು ಯಾರಾದರೂ ಕೈಯಿಂದ ತಿರುಗಿಸಬೇಕು. ತಿರುಗುತ್ತಿರುವಾಗಲೇ ಕರೆಂಟು ಕೊಟ್ಟರೆ, ಹಿಡಿದುಕೊಂಡು ಅರೆಜೀವದಲ್ಲಿ ಓಡುತ್ತಿತ್ತು.

ಆ ಕೈ ಸಮದನ ಅಕ್ಕ ಗುಲ್ಜಾರಬೀಯದು.

ಗಂಡ ತೀರಿಕೊಂಡ ಮೇಲೆ ಆಕೆ ಬಳ್ಳಾರಿಯ ಬಾಡಿಗೆ ಮನೆ ಬಿಟ್ಟು ತಮ್ಮನಲ್ಲಿಗೆ ಬಂದಳು. ಗಿರಣಿಯ ಹಿಂದಿನ ಕೋಣೆಯಲ್ಲಿ ಒಂದು ಟ್ರಂಕು, ಒಂದು ಚಾಪೆ, ನಮಾಜಿಗೊಂದು ಮೂಲೆ. ಕೂತು ಉಂಡಳು ಅನ್ನಿಸಿಕೊಳ್ಳಬಾರದೆಂದು ಒಂದು ದಿನ ನೂಲಿನ ಹಗ್ಗ ತಂದು, ಮಜ್ಜಿಗೆ ಕಡೆಯುವವರ ಹಾಗೆ ಮೋಟಾರಿನ ಗಾಲಿಗೆ ಸುತ್ತಿ, ಜಗ್ಗಿಬಿಟ್ಟಳು. ಬಲಗೈ ಹಗ್ಗ ಜಗ್ಗುತ್ತಿದ್ದಂತೆ ಎಡಗೈ ಸ್ವಿಚ್ ಒತ್ತಿತು. ಗಿರಣಿ ಹೊರಟಿತು. ಅಂದಿನಿಂದ ಅದು ಆಕೆಯ ಕೆಲಸವಾಯಿತು. ಕೋಣೆಯೂ ಆಕೆಯದೇ ಅನ್ನುವಂತಾಯಿತು.

ಜೋಳದ ಪುಟ್ಟಿ ಹೊತ್ತು ಬರುವ ಹೆಂಗಸರು ಆಕೆಗೆ 'ಸ್ಟಾರ್ಟರ್' ಎಂದು ಹೆಸರಿಟ್ಟರು.

"ಯಕ್ಕಾ ಸ್ಟಾರ್ಟರ್, ಇವತ್ತ ನಾಷ್ಟಾ ಆಗೈತೋ ಇಲ್ಲೋ? ಹಸಿದ ಕೈಲೆ ಜಗ್ಗಿದ್ರ ನನ್ನ ಹಿಟ್ಟು ನುಚ್ಚಾಗತೈತಿ" ಎಂದು ಬಾದನಹಟ್ಟಿಯಿಂದ ಬರುತ್ತಿದ್ದ ಜಂಬಮ್ಮ ಕಾಡುತ್ತಿದ್ದಳು.

"ನುಚ್ಚಾಗೋದು ಹಸಿವಿಗಲ್ಲವ್ವ. ಉಲ್ಟಾ ಜಗ್ಗಿದ್ರ ಉಲ್ಟಾ ತಿರಗತೈತಿ ಇದು. ಇದಕ್ಕ ತನ್ನದು ಅಂತ ದಿಕ್ಕಿಲ್ಲ."

"ಹಂಗಾರ ಹೆಣ್ಣ ಮೋಟಾರ್ ಅನ್ನು!"

ಗಿರಣಿ ತುಂಬ ನಗೆ. ಗುಲ್ಜಾರಬೀಯೂ ನಗುತ್ತಿದ್ದಳು, ಹುಬ್ಬಿನ ಮೇಲಿನ ಹಿಟ್ಟು ಉದುರುತ್ತಿತ್ತು.

ವರ್ಷಗಳು ಕಳೆದಂತೆ ಬಲಭುಜದೊಳಗೆ ಒಂದು ನೋವು ಮನೆ ಮಾಡಿತು. ತಲೆ ಬಾಚಲು ಕೈ ಏಳುತ್ತಿರಲಿಲ್ಲ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಬಳ್ಳಾರಿಯ ಅಂಗಡಿಗಳಲ್ಲಿ ಒಂದು ಡಬ್ಬಿ ಸಿಗುತ್ತದೆ, ಒಳಗೆ ಕಂಡೆನ್ಸರ್ ಇರುತ್ತವೆ, ಅದನ್ನು ಕೂರಿಸಿದರೆ ಒಂದೇ ಫೇಸಿನಲ್ಲೂ ಮೋಟಾರು ತಾನೇ ಹೊರಡುತ್ತದೆ ಎಂದು ಯಾರೋ ಹೇಳಿದರು. ಅಂದಿನಿಂದ ಉಣ್ಣಲು ಕೂತಾಗಲೆಲ್ಲ ಅದೇ ಮಾತು.

"ಸಮದು, ಆ ಡಬ್ಬಿ ತಗೊಂಬಾರೋ. ಭುಜ ಹರಕೊಂಡು ಬೀಳತೈತಿ."

"ನೀನಿರೂ ತನಕ ಡಬ್ಬಿ ಯಾಕ ಆಪಾ?"

"ನಾ ಇರಬೇಕಂದ್ರನ ಡಬ್ಬಿ ಬೇಕಲೇ!"

ತಮ್ಮನ ಹೆಂಡತಿ ಸರ್ವರಬಿಯೂ ದನಿಗೂಡಿಸಿದಳು. ಕೊನೆಗೆ ಸಮದ್ ತಂದ. ಗೋಡೆಗೆ ಬಡಿದ ಬೂದು ಡಬ್ಬಿಯ ಗುಂಡಿಯನ್ನು ಮೊದಲು ಒತ್ತಿದ್ದು ಗುಲ್ಜಾರಬೀಯೇ, ಬಿಸ್ಮಿಲ್ಲಾ ಎಂದು, ಒಂದೇ ಬೆರಳಿನಿಂದ. ಮೋಟಾರು ಹೊರಟಿತು. ಬಂದವರಿಗೆಲ್ಲ ಆಕೆ ಸಕ್ಕರೆ ಹಂಚಿದಳು.

ಆಮೇಲೆ ಗುಂಡಿಯನ್ನು ಯಾರಾದರೂ ಒತ್ತತೊಡಗಿದರು. ಸಮದನ ಸೊಸೆ ರಜಿಯಾ ಒಲೆಯ ಮೇಲೆ ಸಾರಿಟ್ಟು ಬಂದು ಒತ್ತಿ ಹೋಗುತ್ತಿದ್ದಳು. ಗುಲ್ಜಾರಬೀ ಹಿಟ್ಟು ಜಾಡಿಸುತ್ತ, ಪುಟ್ಟಿ ಎತ್ತಿ ಕೊಡುತ್ತ ಅಲ್ಲೇ ಸುಳಿದಳು. ಜೋಳದ ಮೂಟೆಗಳಿಗೆ ಜಾಗ ಸಾಲದೆಂದು ಒಂದು ಮೂಟೆ ಆಕೆಯ ಕೋಣೆಗೆ ಬಂತು. ಅದರ ಹಿಂದೆ ಇನ್ನೊಂದು. ಚಾಪೆ ಬಾಗಿಲ ಬಳಿಗೆ ಸರಿಯಿತು.

"ಆಪಾ, ಇನ್ನ ಆರಾಮ ಮಾಡು," ಎಂದ ಸಮದ್ ಒಂದು ಬೆಳಿಗ್ಗೆ. "ಸಿರುಗುಪ್ಪದಾಗ ತಮ್ಮ ಇಮಾಮಹುಸೇನನ ಹೇಂತಿ ಹಡದಾಳ. ಮನ್ಯಾಗ ಹಿರೇರು ಯಾರಿಲ್ಲಂತ. ನಿನ್ನ ಕರಿಯಾಕತ್ಯಾನ."

ಆತ ಒರಟಾಗಿಯೇನೂ ಹೇಳಲಿಲ್ಲ. ಟ್ರಂಕನ್ನು ತಾನೇ ಬಸ್ಸಿಗೆ ಏರಿಸಿದ. ಗುಲ್ಜಾರಬೀ ಹಗ್ಗವನ್ನು ಸೆರಗಿನೊಳಗೆ ಸುತ್ತಿಕೊಂಡು ಹೋದಳು. ಅದನ್ನು ಯಾರೂ ಕೇಳಲೂ ಇಲ್ಲ.

ಸಿರುಗುಪ್ಪದ ಚಿಕ್ಕ ತಮ್ಮನ ಅಂಗಳದಲ್ಲಿ ಆ ಹಗ್ಗ ಕೂಸಿನ ಬಟ್ಟೆ ಒಣಗಿಸುವ ತಂತಿಯಾಯಿತು. ಊರ ತುಂಬ ಅಕ್ಕಿಯ ಗಿರಣಿಗಳು. ಅವುಗಳ ಮೋಟಾರು ಶುರುವಾಗುವ ಸದ್ದಿಗೆ, ಕೂಸನ್ನು ಎತ್ತಿಕೊಂಡಿದ್ದರೂ ಆಕೆಯ ಬಲಗೈ ಒಮ್ಮೆ ಬಿಗಿಯುತ್ತಿತ್ತು.

ಬೇಸಿಗೆ ಕಳೆಯುವ ಹೊತ್ತಿಗೆ ಸಮದ್ ಬಂದ. ಬೆವರು ಒರೆಸಿಕೊಳ್ಳದೆಯೇ ಹೇಳಿದ: ಡಬ್ಬಿ ಉಬ್ಬಿ ಪಟ್ಟನೆ ಒಡೆದಿತ್ತು. ಹೊಸದು ತರಿಸಲು ಅಂಗಡಿಯವನು ಸತಾಯಿಸುತ್ತಿದ್ದ. ಹೆಂಗಸರು ಪುಟ್ಟಿ ಹೊತ್ತು ಬೇರೆ ಗಿರಣಿಯ ಕಡೆ ತಿರುಗಿದ್ದರು.

"ನೀ ಬರಬೇಕು ಆಪಾ."

ಗುಲ್ಜಾರಬೀ ಅಂಗಳಕ್ಕೆ ಹೋಗಿ ಒದ್ದೆ ಬಟ್ಟೆಗಳನ್ನು ಕಟ್ಟೆಯ ಮೇಲೆ ಹಾಕಿ, ಹಗ್ಗ ಬಿಚ್ಚಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಅದರ ಗಂಟುಗಳನ್ನು ಬಿಡಿಸಿದಳು. ಕೋಣೆಯ ಮೂಟೆಗಳನ್ನು ಎಲ್ಲಿ ಇಡಿಸಬೇಕೆಂದು ಮನಸ್ಸಿನಲ್ಲೇ ಜಾಗ ಹುಡುಕಿದಳು.

ಗಿರಣಿಯ ಮುಂದೆ ಜಂಬಮ್ಮ ಕೂಗಿದಳು: "ಬಂತ್ರವ್ವಾ ನಮ್ಮ ಸ್ಟಾರ್ಟರ್! ಡಬ್ಬಿಗಿಂತ ಈಕಿನ ಗಟ್ಟಿ!"

ಒಂದೇ ಜಗ್ಗಿಗೆ ಮೋಟಾರು ಹಿಡಿದುಕೊಂಡಿತು. ಭುಜದಲ್ಲಿ ಬೆಂಕಿ ಹೊತ್ತಿತು. ಗುಲ್ಜಾರಬೀ ಮುಖ ತಿರುಗಿಸಿ ಹಲ್ಲು ಕಚ್ಚಿದಳು, ಮತ್ತೆ ಇತ್ತ ತಿರುಗಿ ನಕ್ಕಳು.

ಸಂಜೆ ಊಟಕ್ಕೆ ಕೂತಾಗ ಸಮದ್ ರೊಟ್ಟಿ ಮುರಿಯುತ್ತ ಹೇಳಿದ: "ಇದೀಟು ರಜಿಯಾಗ ಕಲಿಸಿಬಿಡು ಆಪಾ. ಹೊಸ ಡಬ್ಬಿ ಬರೂ ತನಕ ಆಕೀನ ನೋಡ್ಕೊಂತಾಳ. ನಿನಗ್ಯಾಕ ತ್ರಾಸು? ಅಲ್ಲಿ ಇಮಾಮ ಬ್ಯಾರೆ ದಾರಿ ಕಾಯ್ತಿರತಾನ."

ಸರ್ವರಬಿ ತಲೆ ಎತ್ತದೆ ಸಾರು ಬಡಿಸಿದಳು. ಗುಲ್ಜಾರಬೀ ಬಾಯಲ್ಲಿದ್ದ ತುತ್ತನ್ನು ತುಂಬ ಹೊತ್ತು ಅಗಿದಳು.

"ಆಗಲಿ," ಎಂದಳು.

ಬೆಳಿಗ್ಗೆ ರಜಿಯಾ ಸೆರಗು ಸಿಕ್ಕಿಸಿಕೊಂಡು ಬಂದು ಗಂಡನ ಸೋದರತ್ತೆಯ ಮುಂದೆ ನಿಂತಳು. "ಫುಪ್ಪು, ಯಾವ ಕಡಿಂದ ಸುತ್ತಬೇಕ್ರಿ?"

ಹಗ್ಗ ಗುಲ್ಜಾರಬೀಯ ಕೈಯಲ್ಲಿತ್ತು. ಗೋಡೆಯ ಕಡೆಯಿಂದ ಸುತ್ತು ಎಂದರೆ ಸಾಕಿತ್ತು. ಗಿರಣಿ ಉಲ್ಟಾ ತಿರುಗುತ್ತಿತ್ತು, ಜೋಳ ನುಚ್ಚಾಗುತ್ತಿತ್ತು, ಹೆಂಗಸರು ಬೈಯುತ್ತಿದ್ದರು, ಸಮದ್ ಮತ್ತೆ ಸಿರುಗುಪ್ಪದ ಬಸ್ಸು ಹತ್ತುತ್ತಿದ್ದ. ಆಕೆ ಗಾಲಿಯಿಂದ ಕಣ್ಣು ತೆಗೆದು ರಜಿಯಾಳ ಕೈ ನೋಡಿದಳು. ಹುಡುಗಿಯ ಬಳೆಗಳು ಇನ್ನೂ ಮದುವೆಯವು.

"ಬಾಗಲ ಕಡಿಂದ," ಎಂದಳು. "ಬಳಿ ಮ್ಯಾಲ ಸರಸ್ಕೋ. ಜಗ್ಗೂದು ಮೊದಲ, ಸ್ವಿಚ್ ಆಮ್ಯಾಲ. ಮೋಟಾರ್ ಹಿಡಕೊಳ್ಳೂ ತನಕ ಕಾಳು ಬಿಡಬ್ಯಾಡ."

ಕೆಲವು ಸಲ ತಪ್ಪಿ, ಕೊನೆಗೆ ರಜಿಯಾಳ ಜಗ್ಗಿಗೆ ಮೋಟಾರು ಹೊರಟಿತು. ಹುಡುಗಿ ಚಪ್ಪಾಳೆ ತಟ್ಟಿದಳು, ಕೂಡಲೇ ಭುಜ ಹಿಡಿದುಕೊಂಡಳು.

"ಅಯ್ಯಮ್ಮಾ! ಕೈ ಎಷ್ಟ್ ನೋಯ್ತೈತ್ರಿ ಫುಪ್ಪು. ಹೆಂಗ ಮಾಡ್ತಿದ್ರಿ ಇಷ್ಟು ವರ್ಷ?"

ಗುಲ್ಜಾರಬೀ ಹತ್ತಿರ ಬಂದು ಹಗ್ಗವನ್ನು ಮಡಿಸಿ ಆಕೆಯ ಕೈಗಿಟ್ಟಳು. ಗಿರಣಿಯ ಸದ್ದಿನಲ್ಲಿ ಬೇರೆಯವರಿಗೆ ಕೇಳದ ಹಾಗೆ ಬಾಗಿ ಹೇಳಿದಳು:

"ನೋಯ್ತೈತಿ ಅಂತ ಮಾತ್ರ ಈ ಮನ್ಯಾಗ ಯಾರ ಮುಂದೂ ಅನಬ್ಯಾಡ."