ಗಂಡನ ಹೆಸರಿನ ಖಾಲಿ ಕಾಲಂ

ಹೋದ ತಿಂಗಳು ಒಂದು ಬೆಳಿಗ್ಗೆ ನನ್ನ ತಂಗಿ ರತ್ನ ಗುಂಡ್ಲುಪೇಟೆಯ ನಮ್ಮ ಇಡೀ ಬೀದಿಗೆ ಕೇಳುವ ಹಾಗೆ ಕೂಗಾಡಿದಳು. ತುಂಬು ಬಸುರಿ, ಚೊಚ್ಚಲು. ಹೆರಿಗೆ ನೋವು ಅಂದುಕೊಂಡಿರಾ? ಅಲ್ಲ ಸ್ವಾಮಿ, ನಮ್ಮವ್ವನ ಮೇಲಿನ ಸಿಟ್ಟು.

'ಬಾಣಂತನಕ್ಕೆ ಅಂತ ತವರಿಗೆ ಕರ್ಕೊಂಡ್ ಬಂದ್ಬುಟ್ಟು, ಈಗ ಆಸ್ಪತ್ರೆಗೆ ಬರಾಕಿಲ್ಲ ಅಂತೀಯಲ್ಲವ್ವ. ನಾನು ಅತ್ತೆ ಮನೇಲೇ ಇರ್ತಿದ್ನಲ್ಲ.'

ಅವ್ವ ಮೊರದಲ್ಲಿ ಹುರುಳಿ ಕೇರುತ್ತಿದ್ದವಳು ತಲೆ ಎತ್ತಲಿಲ್ಲ. 'ಪಕ್ಕದ್ಮನೆ ಸಾಕಮ್ಮ ಬತ್ತಾಳೆ ಕಣಮ್ಮಿ. ನಾ ಬರ್ಬಾರ್ದು. ಉಟ್ತಲೇ ಅವ್ವನ್ನ ತಿನ್ಕಂಡೋಳು ನಾನು.'

ಈ ಮಾತು ನಮ್ಮ ಮನೆಗೆ ಹೊಸದಲ್ಲ. ಅವ್ವ ಯಾರ ಸೀಮಂತದಲ್ಲೂ ಮುಂದೆ ಬಂದು ಆರತಿ ಎತ್ತಿದವಳಲ್ಲ. ಅಡುಗೆಮನೆಯಲ್ಲಿ ಒಲೆ ಮುಂದೆ ಕೂತಿರುತ್ತಿದ್ದಳು. ನನ್ನ ಹೆಂಡತಿ ಹೆತ್ತಾಗಲೂ ಮೆಣಸಿನ ಸಾರು, ಬಿಸಿ ಅನ್ನ ಮಾಡಿ ಕಳಿಸಿದಳೇ ಹೊರತು ಆಸ್ಪತ್ರೆಯ ಗೇಟು ದಾಟಲಿಲ್ಲ. (ಕ್ಯಾರಿಯರ್ ಹೊತ್ತು ತಿರುಗಿದವನು ನಾನೇ.) ಅವಳನ್ನು ಕೈಹಿಡಿದು ಎಳೆದು ತರಬೇಕು ಅಂತ ನಮಗಾದರೂ ಅನ್ನಿಸಿತೇ? ಇಲ್ಲ. ರೂಢಿಯಾಗಿಬಿಟ್ಟಿತ್ತು. ಬರೆಯುವಾಗ ನಾಚಿಕೆಯಾಗುತ್ತದೆ.

ಅವ್ವನ ಕತೆ ಇಷ್ಟು. ಅವಳ ತಾಯಿ, ಅಂದರೆ ನನ್ನ ಅಜ್ಜಿ ಮಾದಮ್ಮ, ಚಾಮರಾಜನಗರದ ಹತ್ತಿರದ ಉಡಿಗಾಲದವಳು. ಕೊಟ್ಟಿದ್ದು ನಮ್ಮ ಮದ್ದೂರಿನ ಕಡೆಗೆ. (ವಡೆಯ ಮದ್ದೂರಲ್ಲ, ಬಂಡೀಪುರದ ಕಾಡಂಚಿನ ಆನೆಯ ಮದ್ದೂರು.) ಮೊದಲ ಹೆರಿಗೆಗೆ ತವರಿಗೆ ಹೋದಳು. ಆಗ ಪ್ಲೇಗಿಗೆ ಹೆದರಿ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ. ಗುಡಿಸಲಲ್ಲಿ ಹೆರಿಗೆ ಬೇಡ ಅಂತ ಗಾಡಿ ಕಟ್ಟಿ ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮದ್ದೂರಿಗೆ ಕೂಸು ಬಂತು, ಅಜ್ಜಿ ಬರಲಿಲ್ಲ. ಕೂಸನ್ನು ಸಾಕಿದ್ದು ತಾತನ ತಾಯಿ. 'ಎರಿಗೆಗೆ ಓದೋಳು ತಿರುಗಿ ಬರ್ನಿಲ್ಲ' ಅಂತ ಆ ಮುದುಕಿ ದಿನಕ್ಕೊಂದು ಸಲ ಹೇಳೋದಂತೆ. ತಾತ ಇನ್ನೊಂದು ಮದುವೆಯಾದ. ಉಡಿಗಾಲದ ನಂಟು ಅಲ್ಲಿಗೆ ಹರಿಯಿತು. ಅಜ್ಜಿಯದು ಒಂದು ಫೋಟೋನೂ ಇಲ್ಲ.

ಆ ಕೂಸಿಗೆ ಈಗ ಹೆಚ್ಚುಕಮ್ಮಿ ಅರವತ್ತು ವರ್ಷ.

ಅದೇ ವಾರ ಆಫೀಸು ಕೆಲಸದ ಮೇಲೆ ಚಾಮರಾಜನಗರಕ್ಕೆ ಹೋಗಿದ್ದೆ. (ನಾನು ಬಂಡೀಪುರದ ಕಡೆ ಅರಣ್ಯ ಇಲಾಖೆಯ ಗುಮಾಸ್ತ.) ಹೊಸದಾಗಿ ಜಿಲ್ಲೆಯಾದ ಊರು. ಎಲ್ಲಿ ನೋಡಿದರೂ ಬೀರು ಸಾಗಿಸುವವರು, ಫೈಲು ಹೊರುವವರು. ನಮ್ಮ ಆಫೀಸಿನ ಪುಸ್ತಕಗಳಿಗೆ ರಟ್ಟು ಹಾಕುವ ಖಾಸಿಂ ಸಾಬರ ಅಂಗಡಿಗೆ ಹೋದರೆ, ಅಲ್ಲಿ ಎದೆಯೆತ್ತರಕ್ಕೆ ಹಳೆಯ ರಿಜಿಸ್ಟರುಗಳು.

'ಇವೆಲ್ಲ ಎಲ್ಲಿಯವು ಸಾಬ್ರೆ?'

'ಆಸ್ಪತ್ರೇದು ಸಾರ್. ಮಹಾರಾಜರ ಕಾಲದ್ದು. ಬೈಂಡ್ ಮಾಡಿ ಕೊಡಿ ಅಂದವ್ರೆ. ಮುಟ್ಟಿದ್ರೆ ಹಪ್ಪಳದ ಥರ ಮುರೀತದೆ.'

ಅಜ್ಜಿ ಸತ್ತಿದ್ದು ಯಾತಕ್ಕೆ ಅಂತ ಇದರಲ್ಲಿ ಬರೆದಿರಬೇಕಲ್ಲ? ರಕ್ತ ಹೋಯಿತೋ, ನಂಜಾಯಿತೋ. ಡಾಕ್ಟರು ಬರೆದ ಒಂದು ಕಾರಣ ಸಿಕ್ಕರೆ ಸಾಕು, ಅವ್ವನ ಮುಂದೆ ಹಿಡಿದು 'ನೋಡು, ಇದು ನಿನ್ನ ತಪ್ಪಲ್ಲ' ಅನ್ನಬಹುದು. ಆಸ್ಪತ್ರೆಯ ಹೆಡ್‌ಕ್ಲರ್ಕರನ್ನು ಕಂಡು ಕೈಮುಗಿದೆ. ಸಾಬರ ಕಣ್ಣೆದುರಿಗೇ ನೋಡಬೇಕು, ಒಂದು ಹಾಳೆಯೂ ಆಚೆ ಹೋಗಬಾರದು ಅಂತ ಷರತ್ತು ಹಾಕಿ ಒಪ್ಪಿದರು.

ಪ್ಲೇಗಿನ ವರ್ಷ ಯಾವುದು ಅಂತ ಊರ ಹಿರಿಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಹೀಗಾಗಿ ಮೂರು ವರ್ಷದ ಹೆರಿಗೆ ರಿಜಿಸ್ಟರ್ ನನ್ನ ಪಾಲಿಗೆ ಬಂತು. ರಿಜಿಸ್ಟರ್ ನೋಡುವುದೇ ನನ್ನ ಕಸುಬು ತಾನೇ, ಅರ್ಧ ಗಂಟೆಯ ಕೆಲಸ ಅಂತ ಬೀಗುತ್ತಾ ಕೂತೆ.

ಮಾದಪ್ಪನ ಸೀಮೆ ನಮ್ಮದು. ಪುಟ ತೆಗೆದರೆ ಅರ್ಧಕ್ಕರ್ಧ ಮಾದಮ್ಮಂದಿರೇ. ಯಾವ ಮಾದಮ್ಮ ನಮ್ಮವಳು? ಅದಕ್ಕೇ ನಾನು ಬುದ್ಧಿವಂತನ ಹಾಗೆ ಗಂಡನ ಹೆಸರಿನ ಕಾಲಂ ಹಿಡಿದುಕೊಂಡೆ. ನನ್ನ ತಾತ ಬಸಪ್ಪ, ಮದ್ದೂರು. ಒಂದು ಶನಿವಾರ ಪೂರ್ತಿ ಹುಡುಕಿದೆ. ಮುಂದಿನ ಶನಿವಾರವೂ ಹುಡುಕಿದೆ. ಹೆಬ್ಬೆರಳು ಕಪ್ಪಾಯಿತು, ಸೀನು ಹತ್ತಿತು, ಬಸಪ್ಪ ಮಾತ್ರ ಸಿಗಲಿಲ್ಲ. ಸಿಟ್ಟಿಗೆ ರಿಜಿಸ್ಟರನ್ನು ದಪ್ಪನೆ ಮುಚ್ಚಿದೆ.

ಸಾಬರು ಅಂಟು ಸವರುತ್ತಿದ್ದ ಕೈ ನಿಲ್ಲಿಸಿದರು. 'ನಿಧಾನ ಸಾರ್, ಅದು ನಿಮಗಿಂತ ವಯಸ್ಸಾಗಿರೋದು. ಒಂದ್ಮಾತು ಕೇಳ್ತೀನಿ. ನಿಮ್ ಅಜ್ಜಿ ನಿಮ್ ತಾತನ ಹೆಸ್ರು ಹೇಳ್ತಿದ್ರಾ?'

'ಏನ್ ಸಾಬ್ರೆ ನೀವು, ಆ ಕಾಲದ ಹೆಂಗಸರು ಎಲ್ಲಾದರೂ ಗಂಡನ ಹೆಸರು...' ಅಂದವನು ಅಲ್ಲಿಗೇ ನಿಂತೆ.

'ಮತ್ತೆ ಆ ಹೆಸ್ರು ಇಲ್ಲಿಗೆ ಹೆಂಗೆ ಬರ್ತದೆ? ನಮ್ ಅಮ್ಮಾನೂ ಹೇಳ್ತಿರ್ಲಿಲ್ಲ. ರೇಷನ್ ಕಾರ್ಡ್ ಬರೆಸೋಕೆ ನಾನೇ ಪಕ್ಕದಲ್ಲಿ ನಿಂತು ಹೇಳ್ಬೇಕಿತ್ತು. ಹೆರಿಗೆ ವಾರ್ಡಿಗೆ ಜೊತೇಲಿ ಬಂದಿರೋರೂ ಹೆಂಗಸ್ರೇ. ಅತ್ತೆ ಅಳಿಯನ ಹೆಸ್ರು ಹೇಳ್ತಾರಾ? ತವರ ಊರು, ತಂದೆ ಹೆಸ್ರು ಹೇಳಿರ್ತಾರೆ. ಖಾಲಿ ಇರೋ ಕಾಲಂ ನೋಡಿ ಸಾರ್.'

ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ನನಗೆ ಹೊಳೆಯದ್ದು ರಟ್ಟು ಹಾಕುವವರಿಗೆ ಹೊಳೆಯಿತು. ನಾವೆಲ್ಲ ಹೀಗೇ ಅಲ್ಲವೇ? ನಮ್ಮ ಅಜ್ಜಿಯರನ್ನು ಹುಡುಕಲು ಹೊರಟು ತಾತಂದಿರನ್ನು ಹುಡುಕುತ್ತೇವೆ.

ಖಾಲಿ ಕಾಲಂ ಹಿಡಿದು ಹೊರಟರೆ ಹತ್ತೇ ನಿಮಿಷ. ಎರಡನೇ ರಿಜಿಸ್ಟರಿನಲ್ಲಿ, ಮಾರನವಮಿ ಕಳೆದ ವಾರದ ಪುಟದಲ್ಲಿ ಇದ್ದಳು. ಮಾದಮ್ಮ, ತಂದೆ ಸಿದ್ದಯ್ಯ, ಉಡಿಗಾಲ. ವಯಸ್ಸು ಹದಿನೆಂಟು. ಗಂಡನ ಹೆಸರು: ಖಾಲಿ. ಹೆಣ್ಣು ಮಗು.

ಸಿದ್ದಯ್ಯ ಅನ್ನೋದು ಅವ್ವ ಆಗಾಗ ಹೇಳುತ್ತಿದ್ದ, ಅವಳ ತಾಯಿಯ ತಂದೆಯ ಹೆಸರೇ. ಅನುಮಾನವೇ ಇಲ್ಲ. ಕಾರಣ ಏನು ಬರೆದಿದ್ದಾರೆ ಅಂತ ಕೊನೆಯ ಕಾಲಂಗೆ ಕಣ್ಣು ಹಾಯಿಸಿದೆ. 'ಹತ್ತನೇ ದಿನ, ತಾಯಿ ಮಗು ಕ್ಷೇಮ. ಮನೆಗೆ ಕಳಿಸಿದೆ.'

ನಾಲ್ಕು ಸಲ ಓದಿದೆ. ಅಜ್ಜಿ ಸತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡು ತನ್ನ ಕಾಲ ಮೇಲೆ ನಡೆದು ಹೋಗಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಹದಿನೆಂಟು ವರ್ಷದ ಆ ಹುಡುಗಿಗಾಗಿ, ಒಲೆ ಮುಂದೆ ಕೂತೇ ಆಯಸ್ಸು ಕಳೆದ ನಮ್ಮವ್ವನಿಗಾಗಿ, ಅಂಗಡಿಯಲ್ಲಿ ಕೂತು ಅತ್ತೆ.

'ಕಣ್ಣೀರು ಬಿದ್ರೆ ಇಂಕು ಕರಗ್ತದೆ ಸಾರ್, ಆ ಕಡೆ ತಿರುಗಿ' ಅಂದರು ಸಾಬರು. ಆಮೇಲೆ ತಾವೇ ಎದ್ದು, 'ಆಗೆಲ್ಲ ಜ್ವರಕ್ಕೇ ಜಾಸ್ತಿ ಹೋಗ್ತಿದ್ರು' ಅಂತ ಜ್ವರದ ವಾರ್ಡಿನ ರಿಜಿಸ್ಟರ್ ಹುಡುಕಿ ತಂದು ಧೂಳು ಕೊಡವಿ ನನ್ನ ಮುಂದಿಟ್ಟರು.

ಅದರಲ್ಲೂ ಸಿಕ್ಕಳು. ಐದು ತಿಂಗಳ ನಂತರ. ಅದೇ ಮಾದಮ್ಮ, ಅದೇ ಉಡಿಗಾಲ. ಆಗಲೂ ಗಂಡನ ಹೆಸರು ಹೇಳಿಲ್ಲ. ಮಲೇರಿಯಾ. ಮೂರನೇ ದಿನ ತೀರಿಕೊಂಡಳು.

ಹಾಗಾದರೆ ಮದ್ದೂರಿನ ಮುದುಕಿ ಸುಳ್ಳು ಹೇಳಿದಳೇ? ಅದೂ ಇಲ್ಲ. ಬಾಣಂತನ ಮುಗಿಸಿ ಐದನೇ ತಿಂಗಳಿಗೆ ಗಂಡನ ಮನೆಗೆ ಹೊರಡಬೇಕಾದ ಹೊತ್ತಿಗೆ ಜ್ವರ ಬಂದಿದೆ. ಗಂಡನ ಮನೆಯವರು ಕಂಡಿದ್ದು ಎರಡೇ. ಬಸುರಿ ಹೋದಳು, ಕೂಸು ಬಂತು. ನಡುವೆ ಅವಳು ತವರಲ್ಲಿ ಬದುಕಿದ್ದ ಐದು ತಿಂಗಳು ಅವರ ಕಣ್ಣಿಗೆ ಬೀಳಲೇ ಇಲ್ಲ. ಆ ಒಂದು ಮಾತನ್ನೇ ತಿರುಗಿಸಿ ತಿರುಗಿಸಿ ಹೇಳಿ ಒಬ್ಬಳ ಬದುಕನ್ನು ಅಡುಗೆಮನೆಗೆ ತಳ್ಳಿಬಿಟ್ಟರು.

ಎರಡೂ ಪುಟವನ್ನು ಚೀಟಿಯಲ್ಲಿ ಬರೆದುಕೊಂಡು ಮನೆಗೆ ಬಂದೆ. ಅವ್ವನಿಗೆ ಓದಲು ಬಾರದು. ಕೂರಿಸಿಕೊಂಡು ಓದಿ ಹೇಳಿದೆ.

'ಇನ್ನೊಂದಪ ಓದು' ಅಂದಳು. ಓದಿದೆ.

'ತಾಯಿ ಮಗು ಕ್ಷೇಮ ಅಂತ ಬರ್ದವ್ರಾ? ನೀನೇ ಸೇರಿಸ್ಕಂಡು ಏಳ್ತಿಲ್ವಲ್ಲ?'

'ಇಲ್ಲ ಕಣವ್ವ. ಅಲ್ಲಿರೋದೇ ಇಷ್ಟು.'

ಅವ್ವ ಎದ್ದು ಟ್ರಂಕು ತೆಗೆದಳು. ಹಳೆಯ ನೂಲಿನ ಸೀರೆಗಳನ್ನು ಹಾಕಿಕೊಂಡು ಕೂತು, ಕೂಸಿಗೆ ಸುತ್ತುವ ಅಳತೆಗೆ ಪರ್ರನೆ ಹರಿಯತೊಡಗಿದಳು. ರತ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

'ಯಾವತ್ತು ಬರೇಳವ್ರೆ ಡಾಕ್ಟ್ರು? ನಾನೇ ಬತ್ತೀನಿ, ಓಗನ' ಅಂದಳು ಅವ್ವ, ಬಟ್ಟೆಯಿಂದ ಕಣ್ಣು ತೆಗೆಯದೆ. ರತ್ನ ಸೆರಗಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಾದ ಮೇಲೆ ಅವ್ವನ ಕೈ ನಿಂತಿತು. ಬೆರಳ ಗೆಣ್ಣು ಮುಟ್ಟಿ ಎಣಿಸಿದಳು. ಕಾರ್ತೀಕ, ಮಾರ್ಗಶಿರ, ಪುಷ್ಯ, ಮಾಘ, ಫಾಲ್ಗುಣ. ಆಮೇಲೆ ನನ್ನ ಮುಖ ನೋಡಿ ಕೇಳಿದಳು:

'ಅಂಗಾರೆ ಮಗ, ಐದು ತಿಂಗ್ಳು ನಾನು ನಮ್ಮವ್ವನ ಆಲು ಕುಡ್ದಿವ್ನಿ, ಅಲ್ವಾ?'