ಬೋರಲಿಂಗಯ್ಯನವರು ಹೇಳಿಬಂದ ಒಂದು ಮಾತು

ಬೋರಲಿಂಗಯ್ಯನವರಿಗೆ ಮಾತಾಡಲು ಒಂದು ವಿಷಯ ಸಿಕ್ಕಿಬಿಟ್ಟರೆ ಊಟವೂ ಬೇಡ, ನಿದ್ದೆಯೂ ಬೇಡ. ಮಳವಳ್ಳಿ ಕಡೆಯವರು. ಮನೆತನದಲ್ಲಿ ಮೊದಲು ಡಿಗ್ರಿ ಕಂಡವರು. ಇಪ್ಪತ್ತಾರು ವರ್ಷದಿಂದ ನ್ಯೂ ಜೆರ್ಸಿಯಲ್ಲಿ ಸೇತುವೆಗಳ ತಪಾಸಣೆ ಮಾಡುವ ಇಂಜಿನಿಯರ್. ಒಂದು ಬೋಲ್ಟು ಸಡಿಲವಾಗಿದೆ ಅಂತ ಅವರು ಬರೆದರೆ ಮುಗೀತು, ಮೇಲಿನವರು ಬಂದು ತಲೆಕೆಳಗಾಗಿ ನಿಂತರೂ ಮಾತು ಬದಲಾಯಿಸೋರಲ್ಲ. ಮನೆಯಲ್ಲೂ ಹಾಗೇ, ಪಾಪ, ಹೆಂಡತಿ ಸುಧಾಮಣಿಯನ್ನು ಕೇಳಿ ನೋಡಿ.

ವುಡ್‌ಬ್ರಿಡ್ಜ್‌ನ ಕನ್ನಡದವರು ಪ್ರತಿ ನವೆಂಬರ್ ಒಂದು ಶಾಲೆಯ ಹಾಲ್ ಹಿಡಿದು ರಾಜ್ಯೋತ್ಸವ ಮಾಡುತ್ತಾರೆ. ಬಿಸಿಬೇಳೆಬಾತಿಗೆ ಮುಂಚೆ ಚರ್ಚಾಸ್ಪರ್ಧೆ. ಈ ಸಲದ ವಿಷಯ ಸೈನ್ಯದ ದೈಹಿಕ ಪರೀಕ್ಷೆ, ಅಂದರೆ ಓಟ, ಭಾರ ಎತ್ತೋದು ಇಂಥವು. ಯುದ್ಧದ ಕೆಲಸದಲ್ಲಿ ಇರೋರಿಗೆ, ಗಂಡಸಾಗಲಿ ಹೆಂಗಸಾಗಲಿ, ಪಾಸಾಗಲು ಒಂದೇ ಅಳತೆ ಅಂತ ಅಮೆರಿಕದ ಸೈನ್ಯ ನಿಯಮ ಬದಲಾಯಿಸಿತ್ತಲ್ಲ, ಅದು ಸರಿಯೋ ತಪ್ಪೋ? ಚೀಟಿ ಎತ್ತಿದಾಗ ಬೋರಲಿಂಗಯ್ಯನವರಿಗೆ ಸರಿ ಅನ್ನೋ ಪಕ್ಷ ಬಂತು. ಎದುರು ಪಕ್ಷಕ್ಕೆ ಫಾರ್ಮಸಿ ನಡೆಸುವ ಸುರಯ್ಯಾ. ಆಕೆ ಚೆನ್ನಾಗೇ ಮಾತಾಡಿದರು. ದೇಹದ ರಚನೆಯೇ ಬೇರೆ ಇರುವಾಗ ಒಂದೇ ಗಡಿಯಾರ ಹಿಡಿದರೆ ಹೇಗೆ, ವರ್ಷಗಟ್ಟಲೆ ಕೆಲಸ ಕಲಿತ ಹೆಣ್ಣುಮಕ್ಕಳು ಒಂದೆರಡು ಸೆಕೆಂಡಿಗೆ ಹೊರಗೆ ಬೀಳಬೇಕಾ ಅಂತ ಕೇಳಿದರು.

ಬೋರಲಿಂಗಯ್ಯ ಎದ್ದು ಮೈಕ್ ಹಿಡಿದರು. "ಸೇತುವೆ ಯಾವತ್ತೂ ಲಾರಿ ಓಡಿಸೋರು ಯಾರು ಅಂತ ಕೇಳಲ್ಲ, ತೂಕ ಎಷ್ಟು ಅಂತ ಕೇಳುತ್ತೆ. ಅಳತೆ ಅಂದಮೇಲೆ ಅಳತೆ. ನನ್ನ ಮಗಳೇ ಆದರೂ ಅಷ್ಟೇ."

ಹಾಲ್ ತುಂಬಾ ಚಪ್ಪಾಳೆ. ಮೊದಲ ಬಹುಮಾನ ಅವರಿಗೇ.

ಆ ಮಗಳು, ರಮ್ಯಶ್ರೀ, ಹಿಂದಿನ ಸಾಲಿನಲ್ಲೇ ಕೂತಿದ್ದಳು. ಇಪ್ಪತ್ತೈದು ವರ್ಷ. ಬಾಸ್ಕಿಂಗ್ ರಿಡ್ಜ್‌ನ ಕಂಪನಿಯೊಂದರಲ್ಲಿ ಕೆಲಸ, ಅಲ್ಲೇ ಬಾಡಿಗೆ ಮನೆ, ತಿಂಗಳಿಗೊಂದು ವಾರಾಂತ್ಯ ನ್ಯಾಷನಲ್ ಗಾರ್ಡ್ ಅನ್ನೋ ಅರೆಕಾಲಿಕ ಸೈನ್ಯದಲ್ಲಿ ಸೈನಿಕಳು. ಅಲ್ಲಿ ಏನೋ ಕಂಪ್ಯೂಟರ್ ನೋಡ್ಕೋತಾಳೆ ಅಂತ ಅಪ್ಪ ಅಮ್ಮ ಮೂರು ವರ್ಷದಿಂದ ನಂಬಿಕೊಂಡಿದ್ದರು. ಅವಳೂ ಅಲ್ಲ ಅಂದಿರಲಿಲ್ಲ. ಮನೆಗೆ ಹೋಗುವಾಗ ಕಾರಿನಲ್ಲಿ ಬಾಯಿಬಿಟ್ಟಳು.

"ಅಪ್ಪ, ನಾನು ಕಂಪ್ಯೂಟರ್ ಕೆಲಸದಲ್ಲಿಲ್ಲ. ಫಿರಂಗಿ ದಳದಲ್ಲಿದ್ದೀನಿ. ಹೊಸ ಅಳತೇಲಿ ಹೋದ ತಿಂಗಳು ಫೇಲಾದೆ."

ಬೋರಲಿಂಗಯ್ಯ ಕಾರನ್ನು ಗ್ಯಾಸ್ ಸ್ಟೇಷನ್ನೊಂದರ ಪಕ್ಕಕ್ಕೆ ತಂದು ನಿಲ್ಲಿಸಿದರು. ಫಿರಂಗಿ? ನನ್ನ ಮಗಳು? ಅವಳು ಉಳಿದದ್ದನ್ನೂ ಹೇಳಿದಳು. ಭಾರ ಎತ್ತುವುದು, ಎಳೆಯುವುದು ಎಲ್ಲಾ ಸಲೀಸು, ಎರಡು ಮೈಲಿ ಓಟದಲ್ಲಿ ಮಾತ್ರ ಹಿಂದೆ ಬಿದ್ದೆ. ಡಿಸೆಂಬರ್ ವಾರಾಂತ್ಯದ ಡ್ರಿಲ್‌ನಲ್ಲಿ ಇನ್ನೊಂದು ಅವಕಾಶ ಇದೆ. ಅದೂ ಹೋದರೆ ದಳದಿಂದ ತೆಗೆದು ಉಗ್ರಾಣದ ಕೆಲಸಕ್ಕೆ ಹಾಕ್ತಾರೆ. ಫಿರಂಗಿ ಬಿಟ್ಟರೆ ಅಲ್ಲಿ ತನಗೆ ಬೇರೇನೂ ಬೇಡ ಅಂದಳು.

ತಗೊಳ್ಳಿ, ಬೋರಲಿಂಗಯ್ಯ ಅಲ್ಲೇ ಪಕ್ಷ ಬದಲಾಯಿಸಿದರು. ಹೆಣ್ಣುಮಗು ಗಂಡಸರ ಸಮಕ್ಕೆ ಹೇಗೆ ಓಡುತ್ತೆ, ಇದು ಅನ್ಯಾಯ ಅಂತ ಸ್ಟೀರಿಂಗ್ ಗುದ್ದಿದರು. ಈಗ ತಾನೇ ಮೈಕಿನಲ್ಲಿ ಹೇಳಿದ್ದೇನು ಅಂತ ಸುಧಾಮಣಿ ಕೇಳಿದರು. ರಮ್ಯಶ್ರೀ ಮಾತ್ರ ತನಗೆ ಬೇರೆ ಅಳತೆ ಬೇಡವೇ ಬೇಡ, ಅದೇ ಅಳತೆಯಲ್ಲಿ ಪಾಸಾಗ್ತೀನಿ, ನೋಡ್ತಾ ಇರಿ ಅಂದಳು. ಆಮೇಲೆ ನಾಲ್ಕು ವಾರ ಬೆಳಗ್ಗೆ ಬೆಳಗ್ಗೆ ಓಡಿದಳು, ಮನೆಗೆ ಫೋನೂ ಕಡಿಮೆ.

ನೋಡ್ತಾ ಇರೋದು ನಮ್ಮ ಬೋರಲಿಂಗಯ್ಯನವರ ಜಾಯಮಾನಕ್ಕೆ ಒಗ್ಗಬೇಕಲ್ಲ! ಅವರಿಗೆ ಹಾಸ್ಟೆಲ್ ಸೀಟು ಸಿಕ್ಕಿದ್ದು ಅವರಪ್ಪ ವಾರ್ಡನ್ ಹತ್ತಿರ ಹೋಗಿ ಒಂದು ಮಾತು ಹೇಳಿಬಂದದ್ದಕ್ಕೆ. ನಮ್ಮಲ್ಲಿ ಹೆತ್ತವರು ಮಾಡೋದೇ ಅದು. ಲಂಚವಲ್ಲ, ವಶೀಲಿಯೂ ಅಲ್ಲ, ನಮ್ಮ ಮಗು ಒಳ್ಳೇದು, ಸ್ವಲ್ಪ ನೋಡ್ಕೊಳ್ಳಿ ಅನ್ನೋ ಒಂದು ಮಾತು. ಪರೀಕ್ಷೆ ಭಾನುವಾರ ಅಂತ ಅವರೇ ಅಂದಾಜು ಮಾಡಿಕೊಂಡು, ಶನಿವಾರ ಮಧ್ಯಾಹ್ನ ಒಂದು ಡಬ್ಬಿ ಮೈಸೂರು ಪಾಕು ಹಿಡಿದು, ಯಾರಿಗೂ ಹೇಳದೆ ಮಗಳ ದಳ ಸೇರುವ ಕಟ್ಟಡಕ್ಕೆ, ಅದೇ ಆರ್ಮರಿಗೆ, ಡ್ರೈವ್ ಮಾಡಿದರು.

ಪರೀಕ್ಷೆ ನಡೆಸೋರು ಬೇಕು ಅಂತ ಕೇಳಿದ್ದಕ್ಕೆ ಓಟದ ಗಡಿಯಾರ ಹಿಡಿಯುವ ಸಾರ್ಜೆಂಟ್ ಬಾಗಿಲಿಗೆ ಬಂದರು. ಸುಧಾಮಣಿಯ ವಯಸ್ಸಿನ ಹೆಂಗಸು. ಬೋರಲಿಂಗಯ್ಯ ತಮ್ಮ ಪರಿಚಯ ಹೇಳಿ, ಡಬ್ಬಿ ಮುಂದಿಟ್ಟು, ಒಂದೆರಡು ಸೆಕೆಂಡ್ ಹೆಚ್ಚುಕಮ್ಮಿ ಆದರೆ ದಯವಿಟ್ಟು ಅಡ್ಜಸ್ಟ್ ಮಾಡಿ ಮೇಡಂ ಅಂತ ಇಂಗ್ಲಿಷ್‌ನಲ್ಲಿ ಕೇಳಿಕೊಂಡರು.

ಆಕೆ ಡಬ್ಬಿ ಮುಟ್ಟಲಿಲ್ಲ. "ನಿಮ್ಮ ಮಗಳು ಇವತ್ತು ಬೆಳಗ್ಗೆಯೇ ಪಾಸಾದಳು ಸರ್. ಮೂರು ಸೆಕೆಂಡ್ ಮುಂಚೆ ಮುಗಿಸಿದಳು. ಗಡಿಯಾರ ಹಿಡಿದಿದ್ದು ನಾನೇ."

ಬೋರಲಿಂಗಯ್ಯನವರಿಗೆ ಅಲ್ಲೇ ಕುಣಿಯೋಣ ಅನಿಸಿತು. ಆಕೆ ಇನ್ನೂ ಮುಗಿಸಿರಲಿಲ್ಲ. ಅಂಕ ಬದಲಾಯಿಸಲು ಯಾರಾದರೂ ಕೇಳಿದರೆ ಕ್ಯಾಪ್ಟನ್‌ಗೆ ತಿಳಿಸಲೇಬೇಕು, ನೀವು ಕೇಳಿದ್ದೀರಿ, ನನಗೆ ಬೇರೆ ದಾರಿಯಿಲ್ಲ ಅಂದರು. ಕೇಳಿದ್ದು ಈಗ, ಅವಳು ಓಡಿದ್ದು ಬೆಳಗ್ಗೆ ಅಂತ ಇವರು ಎಷ್ಟು ವಿವರಿಸಿದರೂ ಆಕೆ ಸಾರಿ ಅಂದು ಒಳಗೆ ಹೋದರು.

ಕ್ಯಾಪ್ಟನ್ ಆ ಫಲಿತಾಂಶವನ್ನೇ ತಳ್ಳಿಹಾಕಿದರು. ಮೂರೇ ಸೆಕೆಂಡ್ ಅಂತರ, ಗಡಿಯಾರ ಹಿಡಿದವರ ಹತ್ತಿರ ಅಪ್ಪ ಬಂದು ಹೋಗಿದ್ದಾನೆ, ನಾಳೆ ಯಾರಾದರೂ ಬೆರಳು ತೋರಿಸಿದರೆ? ಜನವರಿ ಡ್ರಿಲ್‌ನಲ್ಲಿ ಬೇರೆ ಪರೀಕ್ಷಕರ ಮುಂದೆ ಮತ್ತೆ ಓಡಬೇಕು, ಅದೇ ಕೊನೆ. ಭಾನುವಾರ ಊಟಕ್ಕೆ ಬಂದು ಸಿಹಿಸುದ್ದಿ ಎದುರಿಗೇ ಹೇಳಬೇಕು ಅಂತಿದ್ದ ಹುಡುಗಿ ಆ ಭಾನುವಾರ ಬರಲಿಲ್ಲ. ಬೋರಲಿಂಗಯ್ಯ ಹೆಂಡತಿಗೆ ವಿಷಯ ಹೇಳಿದರು.

ಜನವರಿಯಲ್ಲಿ ನೆಲವೆಲ್ಲ ಹೆಪ್ಪುಗಟ್ಟಿತ್ತು, ಮುಖಕ್ಕೆ ಹೊಡೆಯುವ ಗಾಳಿ. ಮಗಳು ಬರಬೇಡ ಅಂದರೂ ಬೋರಲಿಂಗಯ್ಯ ಹೋಗಿ ಆರ್ಮರಿಯ ಪಾರ್ಕಿಂಗ್ ಲಾಟ್‌ನಲ್ಲಿ ಕಾದರು. ರಮ್ಯಶ್ರೀ ಹೊರಗೆ ಬಂದು ಕಾರಿನೊಳಗೆ ಕೂತಳು. ನಾಲ್ಕು ಸೆಕೆಂಡ್ ತಡವಾಯಿತು ಅಂದಳು. ಸೋಮವಾರದಿಂದ ಅವಳ ಹೆಸರು ಉಗ್ರಾಣದ ಪಟ್ಟಿಯಲ್ಲಿ.

ಕ್ಯಾಪ್ಟನ್ ಹತ್ತಿರ ನಾನೇ ಹೋಗಿ ತಪ್ಪೆಲ್ಲಾ ನಂದೇ ಅಂತ ಹೇಳ್ತೀನಿ ಅಂತ ಬೋರಲಿಂಗಯ್ಯ ಕಾರಿನ ಬಾಗಿಲಿಗೆ ಕೈ ಹಾಕಿದರು. ಮಗಳು ಅವರ ತೋಳು ಹಿಡಿದುಕೊಂಡಳು.

"ಬೇಡ. ಇನ್ನು ನನ್ನ ಪರವಾಗಿ ಯಾರ ಹತ್ರಾನೂ ಏನೂ ಹೇಳ್ಬೇಡ. ನಾನು ಪಾಸಾಗಿದ್ದೆ ಅಪ್ಪ."