ಮನಿ ಪಟ್ಟಿಗೆ ಹೋದ ಕೋಣೆ

ನನ್ನ ಗಂಡ ತೀರಿಕೊಂಡ ವರ್ಷವೇ ಅಣ್ಣ ನನ್ನನ್ನು ತವರಿಗೆ ಕರೆದುಕೊಂಡು ಬಂದ. ಅವನು ಗೌಂಡಿ. ರಾಮದುರ್ಗದಿಂದ ಕಿತ್ತೂರಿನ ತನಕ ಎಷ್ಟೋ ಮಂದಿಯ ಮನೆಗಳಿಗೆ ಗೋಡೆ ಎಬ್ಬಿಸಿದವನು. ಆದರೆ ನಮ್ಮ ಮನೆಯ ಮೇಲೆ ನನಗೊಂದು ಕೋಣೆ ಕಟ್ಟಲು ಅವನಿಗೆ ಎರಡು ಬೇಸಿಗೆ ಬೇಕಾದವು. ಬೇರೆಯವರ ಕೆಲಸ ಮುಗಿಸಿ ಬಂದು, ಬೆಳಕಿರುವಷ್ಟು ಹೊತ್ತು ನಾಲ್ಕು ಸಾಲು ಇಟ್ಟಿಗೆ ಇಡುತ್ತಿದ್ದ. ಅವನ ಹೆಂಡತಿ, ನಮ್ಮ ವೈನಿ, ಕೆಳಗಿನಿಂದ ಸಿಮೆಂಟಿನ ಬುಟ್ಟಿ ಎತ್ತಿಕೊಡುತ್ತಿದ್ದಳು. ಮೇಲೆ ತಗಡು ಹೊದಿಸಿದ ದಿನ ಅಣ್ಣ, "ಇನ್ನ ನೀ ಯಾರ ಹಂಗಿನ್ಯಾಗೂ ಇಲ್ಲ ನೋಡವಾ" ಅಂದ.

ಅಲ್ಲಿ ನಾನು ಹೊಲಿಗೆ ಯಂತ್ರ ಇಟ್ಟುಕೊಂಡೆ. ಲೈನಿಂಗ್ ಬಟ್ಟೆ, ಹುಕ್ಕು, ದಾರ ಬೈಲಹೊಂಗಲದ ಪೇಟೆಯಿಂದ ತರುತ್ತಿದ್ದೆ. ಮದುವೆಯ ದಿನಗಳಲ್ಲಿ ಮನೋಳಿಯ ಹೆಣ್ಣುಮಕ್ಕಳೂ ರವಿಕೆ ಹೊಲಿಸಲು ಬರತೊಡಗಿದರು. 'ಇಲ್ಲಿ ರವಿಕೆ ಹೊಲಿದು ಕೊಡಲಾಗುವುದು' ಎಂದು ಅಣ್ಣನೇ ಒಂದು ತಗಡಿನ ಮೇಲೆ ಬರೆಸಿ ಬಾಗಿಲ ಮೇಲೆ ಹೊಡೆದ.

ಮೂರು ವರ್ಷದ ಹಿಂದೆ ಊರಿಗೆಲ್ಲ ತೆರಿಗೆಯ ಹೊಸ ದರ ಬಂತು. ಮನೆಯ ತೆರಿಗೆಗೆ ನಮ್ಮ ಕಡೆ ಮನಿ ಪಟ್ಟಿ ಅನ್ನುತ್ತಾರೆ. ಪುರಸಭೆಯಿಂದ ಇಬ್ಬರು ಹುಡುಗರು ಟೇಪು ಹಿಡಿದು ಬಂದು ಮನೆ ಅಳೆದರು, ಮೇಲೆ ಹತ್ತಿ ನನ್ನ ಬೋರ್ಡಿನ ಫೋಟೋ ತೆಗೆದರು. ಕೆಲವು ವಾರಗಳಲ್ಲಿ ಕಾಗದ ಬಂತು. ವಸತಿ ಅಂತ ಇದ್ದ ಕಡೆ ವಾಣಿಜ್ಯ ಅಂತ ಆಗಿತ್ತು. ಹಿಂದಿನ ವರ್ಷ ಕಟ್ಟಿದ್ದರ ಮೂರರಷ್ಟಕ್ಕೂ ಹೆಚ್ಚು. ಅಣ್ಣನಿಗೆ ಅಷ್ಟಾಗಿ ಓದು ಬಾರದು. ನಾನು ಓದಿ ಹೇಳಿದ ಮೇಲೆ, "ಇನ್ನೊಮ್ಮೆ ಓದು, ಸೊನ್ನಿ ಹೆಚ್ಚ ಓದಿರಬೇಕು" ಅಂದ. ಎರಡನೇ ಸಲ ಒಂದೊಂದೇ ಅಂಕಿಗೆ ಬೆರಳಿಟ್ಟು ಓದಿದೆ, ಸೊನ್ನೆ ಅಷ್ಟೇ ಇದ್ದವು.

ಅವ್ವ ಮಾತ್ರ ಹೆದರಲಿಲ್ಲ. "ನಿಮ್ಮಪ್ಪ ಇದ್ದಾಗೂ ಹಿಂಗ ಏರಿಸಿದ್ರು. ಎಲ್ಲಾರೂ ಹೋಗಿ ಕುಂತ್ರ ಇಳಸ್ತಾರ" ಅಂದಳು.

ಅದು ನನಗೂ ನೆನಪಿದೆ. ನಾನಾಗ ಶಾಲೆಯಲ್ಲಿ ಮೂರನೇ ಇಯತ್ತೆ. ಅಪ್ಪ ಹೆಚ್ಚಿಸಿದ ಪಟ್ಟಿ ಕಟ್ಟುವುದಿಲ್ಲ ಎಂದು ಹಟ ಹಿಡಿದಿದ್ದ. ಒಂದು ಬೆಳಿಗ್ಗೆ ಅವ್ವ ನನ್ನ ತಲೆಗೆ ಸೀಗೆಪುಡಿ ಹಚ್ಚುತ್ತಿದ್ದಾಗ ಜಪ್ತಿಯವರು ಬಂದು ಬಚ್ಚಲ ಒಲೆಯ ಮೇಲಿದ್ದ ತಾಮ್ರದ ಹಂಡೆಯನ್ನೇ ಹೊತ್ತುಕೊಂಡು ಹೋದರು. ಬಿಸಿನೀರು ಅಂಗಳಕ್ಕೆ ಚೆಲ್ಲಿದರು. ಕಣ್ಣು ಉರಿಯುತ್ತ ನಾನು ಅಲ್ಲೇ ನಿಂತಿದ್ದೆ. ಅಂದು ಇಡೀ ಓಣಿ ಕಚೇರಿಯ ಮುಂದೆ ಹೋಗಿ ಕುಳಿತಿತು. ಮೂರನೆಯ ದಿನ ಮೆಂಬರರೆಲ್ಲ ಬಂದು ಹೆಚ್ಚಿಸಿದ್ದರಲ್ಲಿ ಅರ್ಧ ಬಿಟ್ಟರು, ಹಂಡೆಯೂ ತಿರುಗಿ ಬಂತು.

ಅದನ್ನೇ ನಂಬಿ ನಾವೂ ಹೋದೆವು. ಪಕ್ಕದ ಮನೆಯ ಟೆಂಪೋ ಓಡಿಸುವ ಹಿರಿಯರು, ಓಣಿಯವರೆಲ್ಲ ಚಾಚಾ ಅನ್ನುವವರು, ಮನವಿ ಬರೆಸಿ ಮುಂದೆ ನಡೆದರು. ಅಧಿಕಾರಿ ಬೈಯಲಿಲ್ಲ, ಕುರ್ಚಿ ಹಾಕಿಸಿದರು. ಮನವಿ ತೆಗೆದುಕೊಂಡು, "ನನ್ನ ಕೈಯಾಗ ಏನೂ ಇಲ್ರಿ, ದರ ಮ್ಯಾಲಿಂದ ಬಂದಾವು" ಅಂದರು.

"ಮ್ಯಾಲ ಅಂದ್ರ ಎಲ್ರಿ ಸಾಹೇಬ್ರ? ಹೇಳ್ರಿ, ಅಲ್ಲಿಗೇ ಹೋಗತೇವಿ" ಎಂದರು ಚಾಚಾ.

ಅವರು ಮನವಿಗೆ ಮೊಹರು ಒತ್ತಿ ಫೈಲಿನೊಳಗೆ ಇಟ್ಟರು. ಮಧ್ಯಾಹ್ನದ ತನಕ ಬಾಗಿಲಲ್ಲಿ ಕುಳಿತೆವು. ಆಮೇಲೆ ಕೂಲಿಯವರು ಕೂಲಿಗೆ, ಅಂಗಡಿಯವರು ಅಂಗಡಿಗೆ ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಉಳಿದವರು ಅಣ್ಣ, ಚಾಚಾ, ನಾನು ಮೂವರೇ.

ಕಾಗದಗಳು ಬರುತ್ತಲೇ ಇದ್ದವು. ಒಂದರಲ್ಲಿ, ಕಟ್ಟದಿದ್ದರೆ ನಳದ ನೀರು ಬಂದ್ ಎಂದಿತ್ತು. ಬೋರ್ಡು ಕಿತ್ತು ಒಳಗಿಟ್ಟು ನಾನೊಬ್ಬಳೇ ಕಚೇರಿಗೆ ಹೋದೆ. ಕಂಪ್ಯೂಟರಿನ ಮುಂದಿದ್ದ ಹುಡುಗಿ ಕನಿಕರದಿಂದಲೇ ಹೇಳಿದಳು: "ಬೋರ್ಡ್ ತಗದ್ರ ಆಗಂಗಿಲ್ರಿ ಅಕ್ಕಾರ. ಮ್ಯಾಲ ಖೋಲಿ ಐತಲ್ರಿ. ಖೋಲಿ ಇರೂತನಾ ಅದರ ಪಟ್ಟಿ ಇರತೈತಿ."

ಈ ಮಾತನ್ನು ನಾನು ಊಟಕ್ಕೆ ಕುಳಿತಾಗ ಅಣ್ಣನಿಗೆ ಹೇಳಬಾರದಿತ್ತು. ಅವನು ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದ.

ಮರುದಿನ ರವಿಕೆ ಕೊಡಲು ಹೂಲಿಗೆ ಹೋಗಿದ್ದೆ. ತಿರುಗಿ ಬಂದು ಬಸ್ಸಿಳಿದು ಓಣಿಯ ತಿರುವಿಗೆ ಬರುವಷ್ಟರಲ್ಲಿ ಸುತ್ತಿಗೆಯ ಏಟು ಕೇಳಿಸಿತು. ತಗಡು ಆಗಲೇ ಕೆಳಗೆ ಬಿದ್ದಿತ್ತು. ನನ್ನ ಯಂತ್ರ ಅಡುಗೆಮನೆಯ ಮೂಲೆಯಲ್ಲಿ ವೈನಿಯ ಹಳೆಯ ಸೀರೆ ಹೊದ್ದು ನಿಂತಿತ್ತು. ವೈನಿ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಳು. ಅಣ್ಣ ಕಿಟಕಿಯ ಗೋಡೆ ಒಡೆಯುತ್ತಿದ್ದ.

"ಅಣ್ಣಾ, ಏನ್ ಮಾಡಾಕತ್ತೀ?"

"ಕಟ್ಟಿದಾಂವ ನಾನ. ಕೆಡವಾಂವನೂ ನಾನ."

ಅವನ ತೋಳು ಹಿಡಿದು ಜಗ್ಗಿದೆ, ಕೊಡವಿಕೊಂಡ. ಕೊನೆಗೆ ಚಾಚಾ ಮೇಲೆ ಬಂದು ಅವನ ಮುಂಗೈ ಗಟ್ಟಿಯಾಗಿ ಹಿಡಿದರು. "ಬಿಡಪಾ, ಕೈ ನೋಡ್ಕೋ, ರಕ್ತ ಸೋರಾಕತ್ತೈತಿ" ಅಂದರು. ಆಗ ಅವನ ಕೈಯಿಂದ ಸುತ್ತಿಗೆ ಬಿತ್ತು. ಒಡೆದ ಇಟ್ಟಿಗೆಗಳ ಮೇಲೇ ಕುಕ್ಕರಿಸಿ ಕುಳಿತು ಬಿಕ್ಕಿ ಬಿಕ್ಕಿ ಅತ್ತ. ಅಪ್ಪನನ್ನು ಮಣ್ಣು ಮಾಡಿದ ದಿನವೂ ಅವನ ಕಣ್ಣಲ್ಲಿ ನಾನು ನೀರು ಕಂಡಿರಲಿಲ್ಲ. ಈ ಮನೆಗೆ ನಾನು ಬಾರದೇ ಇದ್ದಿದ್ದರೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಅದೊಂದೇ ದಿನವಲ್ಲ.

ಉಳಿದ ಗೋಡೆ ಅಪಾಯವೆಂದು ಅದನ್ನೂ ಇಳಿಸಬೇಕಾಯಿತು. ಹೊಸದಾಗಿ ಅಳೆಯಿರಿ ಎಂದು ಅರ್ಜಿ ಕೊಟ್ಟೆವು. ಅಳತೆಯಾಯಿತು, ಪಟ್ಟಿ ಇಳಿಯಿತು, ಆದರೆ ಬರುವ ವರ್ಷದಿಂದ. ಆ ವರ್ಷದ್ದು, ಬಡ್ಡಿ ಸಹಿತ, ಕಟ್ಟಲೇಬೇಕೆಂದರು. ಇಲ್ಲದ ಕೋಣೆಯ ತೆರಿಗೆಯನ್ನು ನನ್ನ ಬೆಂಡೋಲೆ ಮಾರಿ ಕಟ್ಟಿದೆವು. ರಸೀದಿ ತೆಗೆದುಕೊಂಡು ಅಣ್ಣ ನನ್ನ ಮುಖ ನೋಡದೆ ಮುಂದೆ ಮುಂದೆ ನಡೆದ.

ಈಗ ನಾನು ಬಸ್ ನಿಲ್ದಾಣದ ಹತ್ತಿರ ಒಂದು ಅಂಗಡಿಯ ಮೂಲೆಯಲ್ಲಿ ಬಾಡಿಗೆಗೆ ಕುಳಿತು ಹೊಲಿಯುತ್ತೇನೆ. ಮಾಲೀಕರು ಬಾಡಿಗೆ ಹೆಚ್ಚಿಸಿದ್ದಾರೆ. "ನನಗೂ ಪಟ್ಟಿ ಏರೈತ್ರಿ, ನಾ ಏನ್ ಮಾಡ್ಲಿ" ಅನ್ನುತ್ತಾರೆ. ಅವರದೂ ಸುಳ್ಳಲ್ಲ.

ಅಣ್ಣ ಕೆಲಸಕ್ಕೆ ಹೋಗುತ್ತಾನೆ. ಹೋದ ತಿಂಗಳು ಎಂ.ಕೆ. ಹುಬ್ಬಳ್ಳಿಯಲ್ಲಿ ಒಬ್ಬರು ಮನೆ ಕಟ್ಟಿಸುವ ಮಾತಾಡಲು ಕರೆದಿದ್ದರಂತೆ. ಮೇಲೆ ಮಗಳಿಗೆಂದು ಇನ್ನೊಂದು ಖೋಲಿ ಬೇಕು ಅಂದರಂತೆ. "ಬ್ಯಾಡ್ರಿ, ಅದೊಂದ್ ಬಿಡ್ರಿ" ಅಂದನಂತೆ ಇವನು. ಅವರು ಬೇರೆ ಗೌಂಡಿಯನ್ನು ಹುಡುಕಿಕೊಂಡರು. ಹೀಗೆ ಎರಡು ಕೆಲಸ ಹೋದವೆಂದು ವೈನಿ ನನ್ನ ಹತ್ತಿರ ಹೇಳಿದಳು.